ಎಲ್ಲ ನಮ್ಮವರೇ ಅಂತ ಕಂಪ್ಯೂಟರನ್ನು ಹೀಗೆ ಬಿಡುವುದೇ?

ಮಾನ್ಯ ಸಂಪಾದಕರೇ,

ಹಳ್ಳಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅಲ್ಲಿಗೆ ಕಂಪ್ಯೂಟರ್ ಬಂದಿರುವುದು ಒಳ್ಳೆಯದೇ. ಮಳೆಗಾಲ ಹಿಡಿದರೆ ನಮ್ಮ ಕಡೆ ಮನೆಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಸಿಗುವುದಿಲ್ಲ. ಒಂದು ಅರ್ಜಿ ಹಾಕಬೇಕೆಂದರೂ ಹೊಸನಗರಕ್ಕೋ ತೀರ್ಥಹಳ್ಳಿಗೋ ಬಸ್ಸು ಹತ್ತಬೇಕು. ಆದರೆ ಆ ಕಂಪ್ಯೂಟರನ್ನು ಇಟ್ಟುಕೊಂಡಿರುವ ರೀತಿ ನೋಡಿದರೆ ಹೆದರಿಕೆಯಾಗುತ್ತದೆ.

ನಮ್ಮ ಕಡೆಯ ಒಂದು ಕೇಂದ್ರದಲ್ಲಿ (ಊರಿನ ಹೆಸರು ಬೇಡ, ಸುಮ್ನೆ ಜಗಳ) ಬಂದವರಿಗೆಲ್ಲ ಒಂದೇ ಲಾಗಿನ್. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಟೇಪ್ ಹಾಕಿ ಅಂಟಿಸಿದ್ದಾರೆ. ಡೌನ್‌ಲೋಡ್ಸ್ ಫೋಲ್ಡರ್ ತೆಗೆದರೆ ಊರಿನವರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಯಾರದ್ದೋ ಮಗಳ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ ಎಲ್ಲ ಸಾಲಾಗಿ ಕೂತಿವೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಅನ್ನಬಹುದು. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ಇಸವಿ, ಅಷ್ಟೇ. ಊರಲ್ಲಿ ಯಾರ ಹೆಸರು ಯಾರಿಗೆ ಗೊತ್ತಿಲ್ಲ? ಇಸವಿಯನ್ನು ಶಾಲೆಯಲ್ಲಿ ಜೊತೆಗೆ ಓದಿದವರೇ ಹೇಳುತ್ತಾರೆ.

ಇದನ್ನು ಎತ್ತಿದರೆ "ಇಲ್ಲಿ ಕಳ್ಳರು ಯಾರಿದ್ದಾರೆ ಮಾರಾಯ್ರೆ, ಎಲ್ಲ ನಮ್ಮವರೇ" ಎಂಬ ಉತ್ತರ. ಸರಿ, ಎಲ್ಲ ನಮ್ಮವರೇ. ನಾಳೆ ಯಾರದ್ದೋ ಖಾತೆಯಿಂದ ದುಡ್ಡು ಹೋಯಿತು, ಯಾವುದೋ ಹುಡುಗಿಯ ಫೋಟೋ ಎಲ್ಲೆಲ್ಲೋ ಓಡಾಡಿತು ಅಂದುಕೊಳ್ಳಿ. ಎಲ್ಲರೂ ಒಂದೇ ಲಾಗಿನ್ನಿನಲ್ಲಿ ಕೂತಿದ್ದಾಗ ಮಾಡಿದವರನ್ನು ಹೇಗೆ ಹುಡುಕುತ್ತೀರಿ? ಅನುಮಾನ ಹೋಗುವುದು ಅಲ್ಲಿ ಜಾಸ್ತಿ ಹೊತ್ತು ಕೂರುವ ಹುಡುಗರ ಮೇಲೆ, ಇಲ್ಲವೇ ಮೇಲ್ವಿಚಾರಕರ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಸೆಕ್ಷನ್ ಪ್ರಕಾರ ಮೋಸದ ಉದ್ದೇಶದಿಂದ ಅನುಮತಿ ಇಲ್ಲದೆ ಕಂಪ್ಯೂಟರಿಗೆ ಕೈ ಹಾಕಿದವರಿಗೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಯಾರು ಅಂತಲೇ ಗೊತ್ತಾಗದಿದ್ದರೆ ಕಾಯ್ದೆ ಏನು ಮಾಡೀತು? ಲಾಗಿನ್ ಬೇರೆ ಬೇರೆ ಮಾಡಿ ಎನ್ನುವುದು ಊರವರನ್ನು ನಂಬದೆ ಅಲ್ಲ, ತಪ್ಪು ಮಾಡದವರ ಮೇಲೆ ಅಪವಾದ ಬರಬಾರದು ಅಂತ.

ಖರ್ಚಿನ ಮಾತೂ ಇಲ್ಲಿಲ್ಲ. ವಿಂಡೋಸ್ ಹಾಕುವಾಗ ಮೊದಲು ಮಾಡುವ ಖಾತೆ ಅಡ್ಮಿನ್ (ಏನನ್ನು ಬೇಕಾದರೂ ಬದಲಿಸುವ ಅಧಿಕಾರ ಇರುವ ಖಾತೆ) ಆಗಿರುತ್ತದೆ, ನಮ್ಮಲ್ಲಿ ಅದನ್ನೇ ಊರಿಗೆಲ್ಲ ಬಿಟ್ಟುಕೊಟ್ಟಿದ್ದಾರೆ. ಅಡ್ಮಿನ್ ಪಾಸ್‌ವರ್ಡ್ ಮೇಲ್ವಿಚಾರಕರ ಹತ್ತಿರ ಇರಲಿ. ದಿನಾ ಬರುವವರಿಗೆ ಒಂದೊಂದು ಸಾದಾ ಖಾತೆ ಮಾಡಿಕೊಡಿ, ಆಗ ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ತೆರೆಯುವುದಿಲ್ಲ, ಕಂಡಕಂಡ ಸಾಫ್ಟ್‌ವೇರ್ ಹಾಕಲು ಹೋದರೆ ಹೆಚ್ಚಿನವಕ್ಕೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅಪರೂಪಕ್ಕೆ ಬರುವವರಿಗೆ ಇನ್ನೊಂದು ಸಾದಾ ಖಾತೆ, ಜೊತೆಗೆ ಹೆಸರು ಮತ್ತು ಸಮಯ ಬರೆಯುವ ರಿಜಿಸ್ಟರ್ ಇದ್ದರೆ ಸಾಕು. ಸೈಬರ್ ಕೆಫೆಗಳು ಇಂಥ ರಿಜಿಸ್ಟರನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು ಅಂತ 2011ರಲ್ಲೇ ನಿಯಮ ಬಂದಿದೆ. ಗ್ರಂಥಾಲಯಕ್ಕೆ ಯಾಕಾಗಬಾರದು?

ಇಷ್ಟಕ್ಕೇ ಮುಗಿಯಲಿಲ್ಲ ಅನ್ನಿ. ಯಾರಾದರೂ ವಿಂಡೋಸ್ ಬಿಟ್ಟು ಪೆನ್‌ಡ್ರೈವಿನಲ್ಲಿರುವ ಬೇರೆ ಸಿಸ್ಟಮ್‌ನಿಂದ ಕಂಪ್ಯೂಟರ್ ಶುರು (ಬೂಟ್) ಮಾಡಿದರೆ ಈ ಖಾತೆಗಳ ಬೀಗ ಲೆಕ್ಕಕ್ಕಿಲ್ಲ. ಅದಕ್ಕೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಯುಎಸ್‌ಬಿ ಬೂಟ್ ನಿಲ್ಲಿಸಿ ಅಲ್ಲಿಗೂ ಪಾಸ್‌ವರ್ಡ್ ಹಾಕಬೇಕು, ಸಾಧ್ಯವಾದರೆ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಬೇಕು. ಮಾಡಿದ ಮೇಲೆ ರಿಕವರಿ ಕೀ (ಡಿಸ್ಕ್ ತೆರೆಯದಿದ್ದಾಗ ಬೇಕಾಗುವ ಸಂಖ್ಯೆ) ಬರೆದು ಪಂಚಾಯಿತಿ ಕಪಾಟಿನಲ್ಲಿಡಿ, ಕಂಪ್ಯೂಟರ್ ಕೇಳಿದಾಗ ಅದು ಸಿಗದಿದ್ದರೆ ಎಲ್ಲ ಹೋದಂತೆಯೇ. ಆಗಾಗ ಸಿಪಿಯು ಹಿಂದೆಯೂ ಕಣ್ಣಾಡಿಸಿ. ಕೀಬೋರ್ಡ್ ವಯರಿಗೂ ಪೋರ್ಟಿಗೂ ನಡುವೆ ಬೆರಳಿನ ತುದಿಯಷ್ಟು ದೊಡ್ಡ ವಸ್ತುವೇನಾದರೂ ಸಿಕ್ಕಿಸಿದ್ದರೆ ಒತ್ತಿದ ಒಂದೊಂದು ಅಕ್ಷರವೂ ಅದರಲ್ಲಿ ದಾಖಲಾಗುತ್ತಿರಬಹುದು.

ಬಳಸುವವರಿಗೂ ಒಂದು ಮಾತು. ಪ್ರಿಂಟಿಗೆ ಅಂತ ವಾಟ್ಸ್‌ಆ್ಯಪ್ ವೆಬ್ ತೆರೆದು ಹಾಗೇ ಎದ್ದು ಹೋಗುವವರು ಬಹಳ. ಮನೆಗೆ ಬಂದ ಮೇಲೆ ನೆನಪಾದರೆ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ತೆಗೆದುಹಾಕಿ. ಬ್ರೌಸರಿನಲ್ಲಿ ಗೆಸ್ಟ್ ವಿಂಡೋ ಬಳಸಿ, ಮುಚ್ಚಿದರೆ ಹಿಸ್ಟರಿ ಹೋಗುತ್ತದೆ. ಆದರೆ ಇಳಿಸಿಕೊಂಡ ಫೈಲ್ ಹೋಗುವುದಿಲ್ಲ, ಅದನ್ನು ಕೈಯಾರೆ ಅಳಿಸಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು.

ಇದನ್ನೆಲ್ಲ ಮೇಲ್ವಿಚಾರಕರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ, ಅವರಿಗೆ ಯಾರೂ ಕಲಿಸಿಲ್ಲ. ಜಿಲ್ಲೆಯಲ್ಲಿ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಿವೆ. ಕಂಪ್ಯೂಟರ್ ಓದುವ ಇಬ್ಬಿಬ್ಬರು ಹುಡುಗ ಹುಡುಗಿಯರನ್ನು ಒಂದೊಂದು ಕೇಂದ್ರಕ್ಕೆ ಕಳಿಸಿದರೆ ಅರ್ಧ ದಿನದ ಕೆಲಸ. ಸ್ಕಾಲರ್‌ಶಿಪ್ ಅರ್ಜಿಗಳ ಗಲಾಟೆ ಶುರುವಾಗುವುದರೊಳಗೆ ಜಿಲ್ಲಾ ಪಂಚಾಯಿತಿಯವರು ಇದನ್ನು ಮಾಡಿಸಲಿ.

— ಒಬ್ಬ ಓದುಗ, ಹೊಸನಗರ ತಾಲ್ಲೂಕು