ಮೂವತ್ತೇಳನೇ ಪುಟ

ಪ್ರೀತಿಯ ಗೆಳೆಯ,

ಈ ಪತ್ರವನ್ನು ಮೂರು ಸಲ ಬರೆದು ಮೂರೂ ಸಲ ಕಳಿಸದೆ ಇಟ್ಟುಕೊಂಡೆ. ನಿನ್ನೊಬ್ಬನಿಗೇ ಬರೆದರೆ ನಾಲ್ಕನೇ ಸಲವೂ ಹಾಗೇ ಆಗುತ್ತದೆ. ಅದಕ್ಕೇ ಈ ಸಲ ನಾಲ್ಕು ಜನರ ಕಣ್ಣೆದುರು ಹಾಕುತ್ತಿದ್ದೇನೆ, ಆಮೇಲೆ ವಾಪಸು ತೆಗೆದುಕೊಳ್ಳಲು ಆಗದ ಹಾಗೆ. ನೀಲಿ ಶರಟಿನ ವಿಷಯ ಬಂದಲ್ಲಿ ಉಳಿದವರು ದಾಟಿಕೊಂಡು ಮುಂದೆ ಹೋಗಲಿ.

ಮೊದಲು ಹಳೆ ಪುಸ್ತಕದ ಬೇಟೆಯ ಸುದ್ದಿ. ನೀನು ಕಾಯುವುದೇ ಅದಕ್ಕಲ್ಲವಾ. ಈ ತಿಂಗಳೂ ಕಬರ್ಲಿಗೆ ಹೋಗಿದ್ದೆ. ಇಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿರುವ ಕಬರ್ಲಿ ಒಂದು ಕಾಲಕ್ಕೆ ಹೈಸ್ಕೂಲು, 1979ರಲ್ಲಿ ಮುಚ್ಚಿಹೋಯಿತು. ಅದರ ಕೋಣೆಗಳಲ್ಲಿ ತಿಂಗಳ ಎರಡನೇ ವಾರಾಂತ್ಯ ಊರಿನ ಲೈಬ್ರರಿಯ ಗೆಳೆಯರ ಬಳಗ ಹಳೆ ಪುಸ್ತಕ ಮಾರುತ್ತದೆ. ಬಳಗ ಅಂದರೆ ಸಂಬಳವಿಲ್ಲದೆ ದುಡಿಯುವವರು, ನಿವೃತ್ತರೇ ಹೆಚ್ಚು. ಬಂದ ಹಣವೆಲ್ಲ ಲೈಬ್ರರಿಗೆ. ಲೈಬ್ರರಿ ಸೇಲ್ ಅಂದರೆ ಬರೀ ಲೈಬ್ರರಿಯ ಪುಸ್ತಕ ಅಂತ ನೀನು ತಿಳಿದಿದ್ದೀಯ. ಹಾಗಲ್ಲ, ಬಹಳಷ್ಟು ಪುಸ್ತಕ ಜನ ಮನೆಯಿಂದ ತಂದು ಕೊಟ್ಟದ್ದು. ಮನೆ ಬದಲಿಸುವವರು, ವಯಸ್ಸಾದವರು, ತೀರಿಕೊಂಡವರ ಮಕ್ಕಳು. ಕಪಾಟುಗಟ್ಟಲೆ ತಂದು ಇಳಿಸಿ ಹೋಗುತ್ತಾರೆ.

ಬಾಗಿಲು ತೆರೆಯುವುದಕ್ಕೆ ಎಷ್ಟೋ ಹೊತ್ತು ಮೊದಲೇ ಹೊರಗೆ ಸಾಲು. ಮುಂದೆ ನಿಂತವರಲ್ಲಿ ಮರುಮಾರಾಟದವರು ಜಾಸ್ತಿ. ಒಳಗೆ ಬಿಟ್ಟ ಕೂಡಲೇ ಫೋನನ್ನು ಬಾರ್‌ಕೋಡಿಗೆ ಹಿಡಿಯುತ್ತಾರೆ. ಆನ್‌ಲೈನಿನಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಪರದೆ ಹೇಳುತ್ತದೆ. ಲಾಭವಿದ್ದರೆ ಡಬ್ಬಕ್ಕೆ, ಇಲ್ಲದಿದ್ದರೆ ವಾಪಸು ಮೇಜಿಗೆ. ಪುಸ್ತಕದ ಹೆಸರು ಕೂಡ ನೋಡುವುದಿಲ್ಲ. ಮೊದಮೊದಲು ಅವರನ್ನು ಕಂಡರೆ ಸಿಟ್ಟು ಬರುತ್ತಿತ್ತು. ಈಗ ಇಲ್ಲ, ಅದೂ ಒಂದು ಹೊಟ್ಟೆಪಾಡು. ಆ ಯಂತ್ರಕ್ಕೆ ಕಾಣದ ಪುಸ್ತಕಗಳೇ ಬೇಕಾದಷ್ಟಿವೆ. ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಅನ್ನುವ ಸಂಖ್ಯೆಯ ಪದ್ಧತಿ ಎಲ್ಲ ದೇಶಗಳಿಗೂ ಒಂದೇ ಅಂತ ಆದದ್ದು 1970ರಲ್ಲಿ, ಬಾರ್‌ಕೋಡು ಅದಕ್ಕೂ ಆಮೇಲೆ. ಅದಕ್ಕಿಂತ ಹಿಂದಿನ ಪುಸ್ತಕಕ್ಕೆ ಯಂತ್ರ ಉತ್ತರ ಕೊಡುವುದಿಲ್ಲ. ಬೆನ್ನು ಮಾಸಿದ್ದು, ಅಂಚು ಹಳದಿ ಬಿದ್ದದ್ದು, ಇವೆಲ್ಲ ನಮ್ಮ ಪಾಲಿಗೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹುಡುಕುತ್ತಿದ್ದದ್ದೂ ಇಂಥವನ್ನೇ ಅಲ್ಲವಾ? ಅಲ್ಲಿ ಚೌಕಾಸಿಗೆ ನೀನು ಇದ್ದೆ. ಇಲ್ಲಿ ಚೌಕಾಸಿಯೇ ಇಲ್ಲ, ನಿನಗೆ ಬೇಜಾರಾಗುತ್ತಿತ್ತು.

ನನ್ನ ಹೊತ್ತು ಬರುವುದು ಕೊನೆಯಲ್ಲಿ. ಅಗ್ಗದ ಕೋಣೆ ಅಂತ ಒಂದಿದೆ. ಮುಚ್ಚುವ ಹೊತ್ತಿಗೆ ಅಲ್ಲಿ ಚೀಲಕ್ಕೆ ಐದು ಡಾಲರು, ಎಷ್ಟು ಹಿಡಿಸುತ್ತದೋ ಅಷ್ಟು. ದಿನಸಿ ಅಂಗಡಿಯ ಕಾಗದದ ಚೀಲವನ್ನು ಒಂದರೊಳಗೊಂದು ಹಾಕಿ ಇಮ್ಮಡಿ ಮಾಡಬೇಕು, ಇಲ್ಲದಿದ್ದರೆ ಕಾರಿನ ಹತ್ತಿರ ಹೋಗುವಷ್ಟರಲ್ಲಿ ತಳ ಹರಿಯುತ್ತದೆ. ದೊಡ್ಡ ಪುಸ್ತಕಗಳನ್ನು ಗೋಡೆಯ ಹಾಗೆ ಸುತ್ತ ನಿಲ್ಲಿಸಿ, ಮಧ್ಯದಲ್ಲಿ ಚಿಕ್ಕವನ್ನು ಮಲಗಿಸಿ, ಸಂದಿಯಲ್ಲಿ ತೆಳುವಾದದ್ದನ್ನು ತೂರಿಸಬೇಕು. ನಿಮ್ಮಮ್ಮ ಭರಣಿಗೆ ಮಿಡಿ ತುಂಬುತ್ತಿದ್ದರಲ್ಲ, ಅದೇ ವಿದ್ಯೆ.

ಲೈಬ್ರರಿಯೇ ತೆಗೆದುಹಾಕಿದ ಪುಸ್ತಕ ದೂರದಿಂದಲೇ ಗೊತ್ತಾಗುತ್ತದೆ. ಮೇಲೆ ಹೊಳೆಯುವ ಪಾರದರ್ಶಕ ಹೊದಿಕೆ, ಬೆನ್ನಿಗೆ ನಂಬರಿನ ಚೀಟಿ, ಒಳಗೆ ಕಾರ್ಡಿನ ಜೇಬು, ಮೊದಲ ಹಾಳೆಯಲ್ಲಿ ‘ವಿತ್‌ಡ್ರಾನ್’ ಅನ್ನುವ ಮೊಹರು. ಸಂಗ್ರಹ ಮಾಡುವವರು ಇವನ್ನು ಮುಟ್ಟುವುದಿಲ್ಲ, ಹಾಗಾಗಿ ಅಗ್ಗ. ನನಗೆ ಅವೇ ಇಷ್ಟ. ಎಷ್ಟೋ ಕೈ ಹಿಡಿದು ಮೆತ್ತಗಾದ ಪುಸ್ತಕದ ಸುಖ ಹೊಸ ಪುಸ್ತಕಕ್ಕಿಲ್ಲ.

ಇವರು ಹೀಗೆ ಪುಸ್ತಕ ತೆಗೆಯುವುದಕ್ಕೆ ‘ಕಳೆ ಕೀಳುವುದು’ ಅಂತಲೇ ಅನ್ನುತ್ತಾರೆ. ತಪ್ಪು ಮಾಹಿತಿಯದ್ದು, ಹರಿದು ಕೊಳಕಾದದ್ದು, ಹೊಸ ಆವೃತ್ತಿ ಬಂದದ್ದು, ಊರಿನವರು ಕೇಳದೇ ಇರುವುದು, ಯಾವ್ಯಾವುದನ್ನು ಕೀಳಬೇಕು ಅಂತ ಟೆಕ್ಸಾಸ್ ರಾಜ್ಯದ ಲೈಬ್ರರಿ 1970ರ ದಶಕದಲ್ಲೇ ಕೈಪಿಡಿ ಮಾಡಿತ್ತು. ಅಪ್ಪನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಹೈಸ್ಕೂಲಿನ ಲೈಬ್ರರಿಯ ಚಾರ್ಜು ಅವರ ತಲೆಗೆ ಕಟ್ಟಿದ್ದು ನಿನಗೆ ನೆನಪಿದೆ. ನಮ್ಮಲ್ಲಿ ಪುಸ್ತಕ ಅಂದರೆ ಬೆಂಚು, ಕುರ್ಚಿಯ ಹಾಗೆ ಆಸ್ತಿ, ಎಣಿಕೆಗೆ ಸಿಗಲೇಬೇಕು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮ, ಸಾವಿರ ಪುಸ್ತಕ ಓದುಗರ ಕೈಗೆ ಹೋಗಿ ಬಂದರೆ ವರ್ಷಕ್ಕೆ ಐದು ಕಳೆಯುವುದು ಸಹಜ ಅಂತ ಒಪ್ಪುತ್ತದೆ. ಅಪ್ಪನ ಬೀರುವಿಗೆ ಅಂಥ ಔದಾರ್ಯ ಯಾರೂ ತೋರಲಿಲ್ಲ. ಸ್ಟಾಕ್ ಲೆಕ್ಕದ ವಾರ ಅವರಿಗೆ ನಿದ್ದೆ ಇರುತ್ತಿರಲಿಲ್ಲ. ಒಂದು ವರ್ಷ ಒಂದೇ ಒಂದು ಪುಸ್ತಕ ಸಿಗಲಿಲ್ಲ ಅಂತ ಸಂಬಳದಿಂದ 14 ರೂಪಾಯಿ ಕಟ್ಟಿದರು. ಅದು ಎಲ್ಲಿ ಹೋಗಿತ್ತು ಅಂತ ನಿನಗೂ ನನಗೂ ಗೊತ್ತು.

ಈ ಸಲದ ಬೇಟೆಗೆ ಬರುತ್ತೇನೆ. ‘ಇತರ ಭಾಷೆ’ಗಳ ಮೇಜಿನ ಕೆಳಗೆ, ರಷ್ಯನ್ ಮತ್ತು ಚೀನೀ ಪುಸ್ತಕಗಳ ನಡುವೆ ಒಂದು ಕನ್ನಡ ಕಾದಂಬರಿ! ಒಂದು ವಿಶ್ವವಿದ್ಯಾಲಯದ ಲೈಬ್ರರಿ ತೆಗೆದುಹಾಕಿದ್ದು. ಬೆನ್ನಿನ ಮೇಲೆ ಪಿಎಲ್ 4659. ಇಲ್ಲಿನ ದೊಡ್ಡ ಲೈಬ್ರರಿಗಳ ವರ್ಗೀಕರಣದಲ್ಲಿ ಅದು ಕನ್ನಡ ಲೇಖಕರ ಮನೆ ನಂಬರು. ಒಳಗಿನ ಚೀಟಿಯಲ್ಲಿ ಒಂದೇ ಒಂದು ತಾರೀಕು, 1974ರದ್ದು. ಅರವತ್ತರ ದಶಕದಲ್ಲಿ ಅಚ್ಚಾದ ಪುಸ್ತಕ ಅಮೆರಿಕಕ್ಕೆ ಹೇಗೆ ಬಂತು ಅಂತ ಹುಡುಕಿದರೆ ಕಥೆ ನಮ್ಮ ಸ್ಕೂಲಿನ ಅಂಗಳಕ್ಕೇ ಬಂದು ನಿಲ್ಲುತ್ತದೆ. ಅಮೆರಿಕದ 1954ರ ಪಿಎಲ್-480, ಅಂದರೆ ಪಬ್ಲಿಕ್ ಲಾ 480 ಕಾಯಿದೆ ಗೊತ್ತಲ್ಲ? ಅದರ ಪ್ರಕಾರ ಭಾರತ ಅಮೆರಿಕದ ಗೋಧಿಗೆ ರೂಪಾಯಿಯಲ್ಲೇ ಹಣ ಕೊಡುತ್ತಿತ್ತು. ಆ ರೂಪಾಯಿಯಲ್ಲಿ ಒಂದು ಪಾಲನ್ನು ಪುಸ್ತಕಕ್ಕೆ ಅಂತ ಎತ್ತಿಟ್ಟು, 1962ರಿಂದ ಅವರ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದಿಲ್ಲಿ ಕಚೇರಿ ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹಡಗಿನಲ್ಲಿ ಕಳಿಸುತ್ತಿತ್ತು. ನಾವು ಪ್ರೈಮರಿಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆವಲ್ಲ, ಕೇರ್ ಅನ್ನುವ ಅಮೆರಿಕದ ಸಂಸ್ಥೆಯ ಉಪ್ಪಿಟ್ಟಿಗೆ, ಆ ರವೆ ಬಂದದ್ದೂ ಇದೇ ಕಾಯಿದೆಯಿಂದ. ಅವರ ಧಾನ್ಯ ನಮ್ಮ ಹೊಟ್ಟೆಗೆ ಬಂತು, ನಮ್ಮ ಕಾದಂಬರಿ ಅವರ ಕಪಾಟಿಗೆ ಹೋಯಿತು. ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಹಳದಿ ಉಪ್ಪಿಟ್ಟಿನ ವಾಸನೆ ಬಂದ ಹಾಗಾಯಿತು, ನಿಜವಾಗಿ. ನಿನ್ನ ಎರಡನೇ ತಟ್ಟೆ ನೆನಪಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಎಂದಿನ ಹಾಗೆ ಬೇಟೆಯ ಪತ್ರವಾಗುತ್ತಿತ್ತು.

ಅಲ್ಲಿ ಕೆಲಸ ಮಾಡುವ ಒಬ್ಬ ಅಜ್ಜಿ ಹತ್ತಿರ ಬಂದರು. ಎಷ್ಟೋ ತಿಂಗಳಿಂದ ನನ್ನನ್ನು ನೋಡುತ್ತಿದ್ದಾರಂತೆ. ‘ಕೈಗೆ ಬಂದ ಪುಸ್ತಕವನ್ನೆಲ್ಲ ಮೊದಲು ನಡುವೆ ಒಂದು ಪುಟ ತೆರೆದು ನೋಡುತ್ತೀಯ, ಅಲ್ಲಿ ಏನಿರುತ್ತದೆ?’ ಅಂತ ಕೇಳಿದರು.

ನಿನಗೆ ಗೊತ್ತು ಅಲ್ಲಿ ಏನಿರುತ್ತದೆ ಅಂತ. ನಮ್ಮ ಕಡೆಯ ಲೈಬ್ರರಿಗಳಲ್ಲಿ ಗುಟ್ಟಿನ ಪುಟ ಅಂತ ಒಂದಿರುತ್ತದಲ್ಲ, ಮೊದಲ ಹಾಳೆ ಹರಿದು ಕದ್ದರೂ ಗುರುತು ಸಿಗಲಿ ಅಂತ ಒಳಗೊಂದು ಪುಟಕ್ಕೂ ಮೊಹರು ಹಾಕುವುದು. ಅಪ್ಪ ಸ್ಕೂಲಿನ ಆ ಅಭ್ಯಾಸವನ್ನು ಮನೆಯ ಪುಸ್ತಕಕ್ಕೂ ತಂದಿದ್ದರು. 37ನೇ ಪುಟದ ಕೆಳಗಿನ ಮೂಲೆಯಲ್ಲಿ ಕೆಂಪು ಶಾಯಿಯ ಪುಟ್ಟ ಸಂಖ್ಯೆ. ಹಳೆ ಪುಸ್ತಕ ಕೈಗೆ ಬಂದರೆ ಸಾಕು, ನನ್ನ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

ಆಕೆಗೆ ‘ಅಭ್ಯಾಸ’ ಅಂತ ಹೇಳಬೇಕೆಂದಿದ್ದೆ. ‘ನನ್ನ ತಂದೆಯ ಗುರುತು ಹುಡುಕುತ್ತೇನೆ’ ಅಂತ ಬಾಯಿಗೆ ಬಂತು. ಆಮೇಲೆ ಉಳಿದದ್ದೂ ಬಂತು. ಗುರುತಿಲ್ಲದ ಊರಿನ ಒಬ್ಬ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಿನಗೆ ಹದಿನಾಲ್ಕಕ್ಕೂ ಹೆಚ್ಚು ವರ್ಷ ಹೇಳದೆ ಉಳಿದೆ. ಈಗ ಕೇಳು.

2011ರ ಆಷಾಢ. ಅಪ್ಪನ ಹದಿಮೂರನೇ ದಿನ ಮುಗಿದ ಮೇಲೆ ನನಗೆ ಉಳಿದದ್ದು ಐದು ದಿನದ ರಜೆ. ಬಾಡಿಗೆ ಮನೆ ಖಾಲಿ ಮಾಡಿ ಕೊಡಬೇಕಿತ್ತು. ನಮ್ಮೂರು ಸಾಗರದ ಮಳೆ ಬಿಡದೆ ಹೊಡೆಯುತ್ತಿತ್ತು. ಕಪಾಟಿನ ಕೆಳಗಿನ ಎರಡು ಖಾನೆಗೆ ಗೆದ್ದಲು ಹತ್ತಿತ್ತು. ನೀನು ಬ್ಯಾಂಕಿನ ವರ್ಗಾವಣೆಯಲ್ಲಿ ಗುವಾಹಾಟಿಯಲ್ಲಿದ್ದೆ. ‘ಮೇಷ್ಟ್ರ ಪುಸ್ತಕ ಏನ್ ಮಾಡ್ತೀಯೋ? ನಮ್ಮನೆ ಅಟ್ಟದಲ್ಲಿಡು, ನಾನು ಬಂದು ನೋಡ್ಕೋತೀನಿ’ ಅಂತ ಫೋನಿನಲ್ಲಿ ಹೇಳಿದೆ. ನಾನು ‘ಲೈಬ್ರರಿಗೆ ಕೊಟ್ಟಾಯ್ತು ಕಣೋ’ ಅಂದೆ.

ಕೊಟ್ಟಿರಲಿಲ್ಲ. ಆ ಮಾತು ಆಡುವಾಗ ಗುಜರಿಯವನ ತಕ್ಕಡಿ ನಮ್ಮ ಜಗಲಿಯ ಮೇಲಿತ್ತು.

412 ಕಿಲೋ. ಕಿಲೋಗೆ ಆರು ರೂಪಾಯಿಯಂತೆ 2,472 ರೂಪಾಯಿ. ರಟ್ಟು ಬೇರೆ, ಕಾಗದ ಬೇರೆ ಮಾಡಬೇಕು ಅಂತ ಅವನು ಅಲ್ಲೇ ಕೂತು ಗಟ್ಟಿ ಹೊದಿಕೆಯವನ್ನೆಲ್ಲ ಒಂದೊಂದಾಗಿ ಕಿತ್ತ. ಹೊಲಿಗೆ ಬಿಚ್ಚುವ ಸದ್ದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು. ಮಧ್ಯೆ ಒಮ್ಮೆ ಕೈ ನಿಲ್ಲಿಸಿ, ‘ಇವೆಲ್ಲ ಬೇಡ್ವಾ ಸಾರ್?’ ಅಂತ ಕೇಳಿದ. ಪುಸ್ತಕವನ್ನು ನೋಡಿ ಅಲ್ಲ, ನನ್ನ ಮುಖ ನೋಡಿ ಕೇಳಿದ. ನಾನು ಒಳಗೆ ಹೋಗಿ ಕಾಫಿ ಮಾಡಿ ತಂದು ಅವನಿಗೊಂದು ಲೋಟ ಕೊಟ್ಟೆ. ಗೂಡ್ಸ್ ಆಟೊ ಎರಡು ಸಲ ಬಂದು ಹೋಯಿತು.

ಮಳೆ ನಿಜ, ಗೆದ್ದಲು ನಿಜ, ಐದು ದಿನವೂ ನಿಜ. ಆದರೆ ಲೈಬ್ರರಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ನಾನು ಅಲ್ಲಿಗೆ ಹೋಗಿ ಕೇಳಲೇ ಇಲ್ಲ. ಅವರು ಬೇಡ ಅಂದಿದ್ದರೆ ಬೇರೆ ಮಾತು. ನಿನ್ನ ಅಟ್ಟ ಇನ್ನೂ ಹತ್ತಿರ ಇತ್ತು. ಆ ಪುಸ್ತಕಗಳನ್ನು ಕಂಡರೆ ಅಪ್ಪನ ಕೈ ಕಾಣುತ್ತಿತ್ತು ಕಣೋ, ಬೇಗ ಕಣ್ಣಿಂದ ಮರೆಯಾಗಲಿ ಅನ್ನಿಸಿತ್ತು. ಒಂದು ಕಳೆದದ್ದಕ್ಕೆ ಸಂಬಳ ಕಟ್ಟಿದ ಮನುಷ್ಯನ ಎಲ್ಲವನ್ನೂ ತೂಕಕ್ಕೆ ಹಾಕಿದೆ.

ನೀನು ಊರಿಗೆ ವಾಪಸಾದ ಮೇಲೆ, 2019ರಲ್ಲಿ, ಫೋನ್ ಮಾಡಿದೆ. ‘ಮೇಷ್ಟ್ರ ಪುಸ್ತಕ ಇನ್ನೂ ಎಂಟ್ರಿ ಆಗಿಲ್ಲ ಅನ್ಸುತ್ತೆ. ಕಾದಂಬರಿ ಕಪಾಟು ಪೂರ್ತಿ ನೋಡ್ದೆ, ಒಂದರಲ್ಲೂ ಕೆಂಪು ನಂಬರಿಲ್ಲ.’ ನಾನು ಲೈನ್ ಸರಿಯಿಲ್ಲ ಅಂದೆ. ಲೈನ್ ಸರಿಯಾಗೇ ಇತ್ತು. ಅಂದಿನಿಂದ ನೀನು ಅಲ್ಲಿ, ನಾನು ಇಲ್ಲಿ, ಇಬ್ಬರೂ 37ನೇ ಪುಟ ತೆರೆಯುತ್ತಿದ್ದೇವೆ. ಇಲ್ಲ ಅಂತ ಗೊತ್ತಿದ್ದೂ ನಾನು ತೆರೆಯುತ್ತೇನೆ. ನೀನು ನನ್ನ ಮಾತು ನಂಬಿ ತೆರೆಯುತ್ತೀಯ.

ಹೋದ ತಿಂಗಳು ನೀನು ಹೇಳಿದೆ, ಹೊಸದಾಗಿ ಬಂದ ಲೈಬ್ರೇರಿಯನ್ ಒಳ್ಳೆಯವರು, ಗೋಡೌನಿನಲ್ಲಿ ಕಟ್ಟಿಟ್ಟ ಮೂಟೆ ಬಿಚ್ಚಿ ನೋಡಲು ಬಿಡುತ್ತಾರೆ ಅಂತ. ಅದಕ್ಕೇ ಇನ್ನು ತಡ ಮಾಡಲು ಆಗಲಿಲ್ಲ. ಗೋಡೌನಿಗೆ ಹೋಗಬೇಡ ಮಾರಾಯ. ನಿನ್ನ ಉಬ್ಬಸಕ್ಕೆ ಆ ದೂಳು ಆಗುವುದಿಲ್ಲ. ಅಲ್ಲಿ ಅಪ್ಪನ ಪುಸ್ತಕ ಒಂದೂ ಇಲ್ಲ.

ಒಂದು ಉಳಿದಿದೆ. ಮೇಜಿನ ಖಾನೆಯಲ್ಲಿ ಅಪ್ಪನ ರಿಜಿಸ್ಟರು ಸಿಕ್ಕಿತ್ತು, ಅದನ್ನು ತಂದುಕೊಂಡೆ. ಕೊನೆಯ ಸಂಖ್ಯೆ 1,346. ಅವರ ಪ್ರತಿ ಸಿಗದಿದ್ದರೂ ಅದೇ ಪುಸ್ತಕದ ಬೇರೆ ಪ್ರತಿ ಸಿಕ್ಕರೆ ಅದರ ಎದುರು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತೇನೆ. ಇಲ್ಲಿಯವರೆಗೆ 61 ಆಗಿದೆ. ಹೆಚ್ಚಿನವು ನೀಲಿ ಹೊದಿಕೆಯ ಪೆಲಿಕನ್‌ಗಳು, ಮಾಸ್ಕೋದ ಮಿರ್ ಪ್ರಕಾಶನದ ಗಣಿತ ಮತ್ತು ಭೌತಶಾಸ್ತ್ರದವು. ಕನ್ನಡದವು ನಾಲ್ಕೇ. ಭಾನುವಾರ ಸಿಕ್ಕ ಕಾದಂಬರಿ ಆ ನಾಲ್ಕನೆಯದು, ಅಪ್ಪನ ಲೆಕ್ಕದಲ್ಲಿ 212. ಕೆಂಪು ಶಾಯಿಯ ಪೆನ್ನು ಕೊಂಡು ತಂದಿದ್ದೇನೆ, ಇನ್ನೂ ಯಾವುದರಲ್ಲೂ ಸಂಖ್ಯೆ ಬರೆದಿಲ್ಲ. ನಿನ್ನ ಅಕ್ಷರ ಅಪ್ಪನದನ್ನೇ ಹೋಲುತ್ತದೆ. ಅವರೇ ಕೈ ಹಿಡಿದು ತಿದ್ದಿಸಿದ್ದಲ್ಲವಾ.

ಡಿಸೆಂಬರಿನಲ್ಲಿ ಬರುತ್ತೇನೆ. ವಿಮಾನದಲ್ಲಿ 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತಾರೆ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಈ ಪುಸ್ತಕಗಳು ಮತ್ತು ರಿಜಿಸ್ಟರು. ನಿನ್ನ ಅಟ್ಟದಲ್ಲೇ ಇಡೋಣ. ಬೈಯುವುದಿದ್ದರೆ ಬಸ್‌ಸ್ಟ್ಯಾಂಡಿನಲ್ಲೇ ಬೈದು ಮುಗಿಸು, ಅತ್ತಿಗೆಯ ಎದುರು ಬೇಡ. ಅಪ್ಪೆಮಿಡಿ ಒಂದು ಭರಣಿ ತೆಗೆದಿಡಲು ಅವರಿಗೆ ಹೇಳು, ವಾಪಸು ಹೊರಡುವಾಗ ಆ ಪೆಟ್ಟಿಗೆ ಖಾಲಿ ಇರುತ್ತದೆ. ನೀಲಿ ಶರಟು ಹಾಕಿಕೊಂಡೇ ಬಾ.

ನಿನ್ನ,
ಮೇಷ್ಟ್ರ ಮಗ