ರೋಡ್ಸ್ ದ್ವೀಪದ ಧಾನ್ಯ ವ್ಯಾಪಾರಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಹೊಸ ಕೆಲಸದಲ್ಲಿ ಸಂಬಳ ಹೆಚ್ಚಿದೆ, ಆದರೆ ರಾತ್ರಿ ಪ್ರಾಚೀನ ಗ್ರೀಸ್, ರೋಮಿನ ತತ್ವಜ್ಞಾನಿಗಳಾದ ಸ್ಟೋಯಿಕರ ಪುಸ್ತಕ ತೆರೆದರೆ ತಪ್ಪು ಮಾಡಿದಂತೆ ಅನ್ನಿಸುತ್ತದೆ ಎಂದು ಬರೆದಿದ್ದೀಯೆ. ಹಣ ಬೇಕೆನ್ನುವುದಕ್ಕೆ ನಾಚಬೇಡ. ಬಾಡಿಗೆ ಕಟ್ಟುವ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಹಣದ ಬೆಲೆ ಗೊತ್ತು. ನಿನ್ನ ಅಮ್ಮನಿಗೂ ನನಗೂ ಗೊತ್ತು.

ಸ್ಟೋಯಿಕರೂ ಹಣವನ್ನು ಹಳಿಯಲಿಲ್ಲ. ಆ ಪಂಥವನ್ನು ಕಟ್ಟಿದ ಜೀನೋ ಮೊದಲು ವ್ಯಾಪಾರಿಯಾಗಿದ್ದ, ಹಡಗು ಒಡೆದು ಸರಕು ಕಳೆದುಕೊಂಡ ಮೇಲೆ ಅಥೆನ್ಸಿನಲ್ಲಿ ತತ್ವಶಾಸ್ತ್ರಕ್ಕೆ ಒಲಿದ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಸದ್ಗುಣವೊಂದೇ ನಿಜವಾಗಿ ಒಳ್ಳೆಯದು. ಆರೋಗ್ಯ, ಹಣ, ಹೆಸರು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಆದರೂ ಆಯ್ದುಕೊಳ್ಳಲು ಯೋಗ್ಯವಾದವು.

ನೀನು ರೋಮಿನ ಸ್ಟೋಯಿಕ್ ಸೆನೆಕನ ಹೆಸರು ಹೇಳಿದ್ದೀಯೆ. ಸಂಪತ್ತು ಜ್ಞಾನಿಗೆ ಆಳು, ಮೂರ್ಖನಿಗೆ ಒಡೆಯ ಎಂಬುದು ಅವನ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸೆನೆಕ ಚಕ್ರವರ್ತಿ ನೀರೋನ ಕೃಪೆಯಲ್ಲಿ ನಾಲ್ಕೇ ವರ್ಷಗಳಲ್ಲಿ 30 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಕೂಡಿಹಾಕಿದನೆಂದು ಒಬ್ಬ ವಿರೋಧಿ ಆಪಾದಿಸಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಕ್ರಿ.ಶ. 62ರಲ್ಲಿ ಎಲ್ಲವನ್ನೂ ಮರಳಿಸುತ್ತೇನೆ ಎಂದಾಗ ನೀರೋ ಬಿಡಲಿಲ್ಲ, 65ರಲ್ಲಿ ಸಾಯಲು ಆಜ್ಞೆ ಮಾಡಿದ. ಮನಸ್ಸಿನಲ್ಲಿ ಎಷ್ಟೇ ನಿರ್ಲಿಪ್ತನಾಗಿದ್ದರೂ ಅವನ ಜುಟ್ಟು ಕೊಟ್ಟವನ ಕೈಯಲ್ಲೇ ಇತ್ತು. ಹಾಗಾಗಿ ಹಣದ ಮೇಲೆ ಮೋಹವಿದೆಯೇ ಎಂದು ಕೇಳಿಕೊಂಡರೆ ಸಾಲದು, ಅದು ಯಾವ ದಾರಿಯಲ್ಲಿ ಬಂತು ಎಂದೂ ಕೇಳಬೇಕು.

ಈ ಪ್ರಶ್ನೆಯನ್ನು ಸ್ಟೋಯಿಕರೇ ಎತ್ತಿದ್ದರು. ರೋಮಿನ ರಾಜಕಾರಣಿ, ಲೇಖಕ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕೃತಿಯಲ್ಲಿ ಆ ಚರ್ಚೆಯಿದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯಾದಿಂದ ಒಬ್ಬ ಪ್ರಾಮಾಣಿಕ ವ್ಯಾಪಾರಿ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೇ? ಸ್ಟೋಯಿಕ್ ಗುರು ಬ್ಯಾಬಿಲೋನಿನ ಡಯೋಜೆನಿಸ್, ಕಾನೂನು ಕೇಳುವ ದೋಷಗಳನ್ನು ಹೇಳಿದರಾಯಿತು, ಸುಮ್ಮನಿರುವುದು ಬೇರೆ, ಬಚ್ಚಿಡುವುದು ಬೇರೆ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನಿಗೆ ಎಲ್ಲವೂ ತಿಳಿಯಬೇಕು, ಮನುಷ್ಯರ ಹಿತ ನಿನ್ನ ಹಿತವೇ ಅಲ್ಲವೇ ಎಂದು ಕೇಳುತ್ತಾನೆ. ಒಂದೇ ಪಂಥದ ಗುರುಶಿಷ್ಯರು!

ಇಂದಿನ ಲಾಭದ ಎಷ್ಟೋ ಪಾಲು ಡಯೋಜೆನಿಸನ ಆ ಮೌನದಲ್ಲೇ ಹುಟ್ಟುತ್ತದೆ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ್ದು. ನಾನೂ ಆ ಮೌನವನ್ನು ಮಾರಿದ್ದೇನೆ. ನೀನು ಚಿಕ್ಕವಳಿದ್ದಾಗ ನಮ್ಮ ಹಳೆಯ ಕಾರನ್ನು ಒಬ್ಬ ಯುವಕನಿಗೆ ಕೊಟ್ಟೆ. ಎಂಜಿನ್ ಕಾದಾಗ ಬರುತ್ತಿದ್ದ ಸದ್ದಿನ ಬಗ್ಗೆ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಹಣದಲ್ಲಿ ನಿನ್ನ ಶಾಲೆಯ ಶುಲ್ಕ ಕಟ್ಟಿದೆ. ಅವನು ಕೀಲಿಕೈ ತೆಗೆದುಕೊಂಡು ನಕ್ಕ ಮುಖ ಇಂದಿಗೂ ಕಣ್ಣಮುಂದಿದೆ.

ಇನ್ನೊಬ್ಬ ಸ್ಟೋಯಿಕ್ ಕ್ರಿಸಿಪ್ಪಸ್ ಹೇಳಿದ ಓಟಗಾರನ ಹೋಲಿಕೆ ನನಗೆ ಇಷ್ಟ: ಗೆಲ್ಲಲು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಓಡು, ಪಕ್ಕದವನಿಗೆ ಕಾಲು ಕೊಟ್ಟು ಬೀಳಿಸಬೇಡ. ಸ್ಟೋಯಿಕರೆಂದರೆ ಕಚೇರಿಯ ಒತ್ತಡ ತಡೆದುಕೊಳ್ಳುವ ಮದ್ದು ಎಂಬಂತೆ ಈಗ ಪುಸ್ತಕಗಳು ಬರುತ್ತಿವೆ. ಅವನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ತಪ್ಪು ಕೆಲಸವನ್ನು ನೆಮ್ಮದಿಯಿಂದ ಮಾಡುವುದನ್ನು ಅವರು ಕಲಿಸಲಿಲ್ಲ.

ನಿನ್ನ ಕಂಪನಿ ಮೊಬೈಲಿನಲ್ಲೇ ಸಾಲ ಕೊಡುತ್ತದೆ ಎಂದಿದ್ದೀಯೆ. ಅದು ಜನರಿಗೆ ಬೇಕಾದದ್ದೇ. ಮುಂದಿನ ಪತ್ರದಲ್ಲಿ ನನಗೆ ಒಂದು ವಿಷಯ ಬರೆ: ನಿಮ್ಮ ಅರ್ಜಿಯಲ್ಲಿ ಬಡ್ಡಿ, ಶುಲ್ಕ, ದಂಡ ಎಲ್ಲ ಸೇರಿ ಸಾಲಗಾರ ಕೊನೆಗೆ ಕಟ್ಟುವ ಒಟ್ಟು ಮೊತ್ತ ಎಷ್ಟನೇ ಪುಟದಲ್ಲಿದೆ?

ಇಂತಿ ನಿನ್ನ
ಅಪ್ಪ