ಅಮ್ಮಾನಿಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ಆಫೀಸಿನ ಕೆಲಸಕ್ಕೆ ಜೋರ್ಡಾನಿನ ಅಮ್ಮಾನಿಗೆ ಹೋಗಬೇಕು ಅಂದೆಯಲ್ಲ, ಆ ಊರನ್ನು ನೀನು ಒಮ್ಮೆ ದಾಟಿ ಬಂದಿದ್ದೀಯ. ಆಗ ನಿನಗಿನ್ನೂ ಒಂದು ವರ್ಷ. ಸೋಮವಾರಪೇಟೆಯಲ್ಲಿ ಮಳೆ ಹಿಡಿದರೆ ಫೋನಿನಲ್ಲಿ ನೆಟ್ಟಗೆ ಮಾತಾಡೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ತೋಟ. ಆಗ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಸಾಲ ತೀರಿಸೋಕೆ ನಿಮ್ಮಪ್ಪ ಕುವೈತಿಗೆ ಹೋದರು. ನೀನು ಹುಟ್ಟಿದ ಮೇಲೆ ನಮ್ಮಿಬ್ಬರನ್ನೂ ಕರೆಸಿಕೊಂಡರು.

ಮನೆ ಇದ್ದದ್ದು ಹವಲ್ಲಿಯಲ್ಲಿ. ಅಲ್ಲಿ ಪ್ಯಾಲೆಸ್ಟೀನಿನವರೇ ಜಾಸ್ತಿ. ಎದುರು ಬಾಗಿಲಿನ ಮನೆಯ ಹಿರಿಯಮ್ಮನನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗೆ ಅರಬ್ಬಿ ಬರದು, ಅವರಿಗೆ ಕನ್ನಡ ಬರದು. ಆದರೂ ದಿನಕ್ಕೊಮ್ಮೆ ಬಂದು ನಿನ್ನನ್ನು ಎತ್ತಿಕೊಂಡು ಹೋಗುತ್ತಿದ್ದರು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿ ಬಂತು. ಅಪ್ಪನ ಸಂಬಳ ನಿಂತಿತು. ಇರಾಕಿ ದಿನಾರಿಗೂ ಕುವೈತಿ ದಿನಾರಿಗೂ ಒಂದೇ ಬೆಲೆ ಅಂದರು, ಆಮೇಲೆ ಕುವೈತಿ ನೋಟು ನಡೆಯೋದೇ ಇಲ್ಲ ಅಂದರು. ಕೂಡಿಟ್ಟದ್ದೆಲ್ಲ ಹೋಯಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ನಿನ್ನ ಹಾಲಿನ ಪುಡಿ. ಯಾವ ಅಂಗಡಿಯಲ್ಲೂ ಇರಲಿಲ್ಲ.

ಖಾಲಾ ಸೊಸೆಗೂ ಕೈಗೂಸಿತ್ತು, ನಿನಗಿಂತ ಚಿಕ್ಕದು. ಖಾಲಾ ಊರೆಲ್ಲ ಸುತ್ತಿ ಎಲ್ಲಿಂದಲೋ ಒಂದು ಡಬ್ಬಿ ತಂದರು. ನಮ್ಮ ಅಡುಗೆಮನೆಗೆ ಬಂದು, ನನ್ನ ಕಣ್ಣೆದುರೇ ಚಮಚದಲ್ಲಿ ಅಳೆದು ಅರ್ಧ ನಮಗೆ ಹಾಕಿದರು. ನಾನು ಬೇಡ ಅಂದರೆ ಕೈ ತಟ್ಟಿ ಸರಿಸಿದರು. ಇದು ಒಂದು ಸಲದ ಮಾತಲ್ಲ. ಪುಡಿ ಸಿಕ್ಕಾಗಲೆಲ್ಲ ಹೀಗೇ. ಅವರ ಮಗ ಬೆಳಕು ಹರಿಯುವ ಮೊದಲೇ ಬೇಕರಿ ಮುಂದೆ ಸಾಲು ನಿಂತು ನಮ್ಮ ಪಾಲಿನ ಕುಬ್ಬೂಸ್ ರೊಟ್ಟಿಯನ್ನೂ ತರುತ್ತಿದ್ದ. ದಾರಿಯುದ್ದಕ್ಕೂ ಬಂದೂಕು ಹಿಡಿದವರಿದ್ದರು, ಅಪ್ಪನನ್ನು ಆಚೆ ಹೋಗೋಕೇ ಬಿಡಲಿಲ್ಲ ಅವನು. ಮೇಲಿನ ಮಹಡಿಯ ಮಲಯಾಳಿ ನರ್ಸಮ್ಮ ನಿನಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದರು. ಅವರನ್ನೂ ಮರೆಯಬೇಡ.

ಹೊರಡುವ ದಿನ ಖಾಲಾ ಖರ್ಜೂರ, ಬೇಯಿಸಿದ ಮೊಟ್ಟೆ, ಎರಡು ಕ್ಯಾನು ನೀರು ಕೊಟ್ಟರು. ಮಗುವಿನ ತಲೆಗೆ ಒದ್ದೆ ಬಟ್ಟೆ ಕಟ್ಟಬೇಕು ಅಂತ ಕೈಸನ್ನೆಯಲ್ಲೇ ಮತ್ತೆ ಮತ್ತೆ ತೋರಿಸಿದರು. ಬಸ್ರಾ, ಬಾಗ್ದಾದು ದಾಟಿ ಜೋರ್ಡಾನಿನ ಗಡಿಗೆ ಬಸ್ಸು. ಮರಳುಗಾಡಿನಲ್ಲಿ ಟೆಂಟು. ಆ ಬಿಸಿಲಲ್ಲಿ ನೀನು ಉಳಿದದ್ದು ಆ ನೀರು, ಆ ಒದ್ದೆ ಬಟ್ಟೆಯಿಂದ. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ. ಹಾಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು ಜನ. ಆಮೇಲೆ ಮಂಗಳೂರು, ಸಂಪಾಜೆ ಘಾಟಿ, ಮಡಿಕೇರಿ, ಮನೆ.

ನಮಗೆ ವಿಮಾನ ಬಂತು ಪುಟ್ಟಿ. ಖಾಲಾ ಮನೆಯವರಿಗೆ ವಿಮಾನ ಕಳಿಸೋ ದೇಶವೇ ಇರಲಿಲ್ಲ. 1991ರಲ್ಲಿ ಇರಾಕಿನ ಸೈನ್ಯವನ್ನು ಕುವೈತಿನಿಂದ ಓಡಿಸಿ ಯುದ್ಧ ಮುಗಿಯಿತು. ಪ್ಯಾಲೆಸ್ಟೀನಿನ ನಾಯಕರು ಇರಾಕನ್ನು ಆಳುತ್ತಿದ್ದ ಸದ್ದಾಮನ ಕಡೆ ವಾಲಿದ್ದರು ಅನ್ನೋ ಸಿಟ್ಟು ಅಲ್ಲಿದ್ದ ಎಲ್ಲ ಪ್ಯಾಲೆಸ್ಟೀನಿಯರ ಮೇಲೂ ತಿರುಗಿತು. ಕುವೈತಿನಲ್ಲಿದ್ದ ಸುಮಾರು 4 ಲಕ್ಷ ಜನರಲ್ಲಿ ಬಹುಪಾಲು ಊರು ಬಿಡಬೇಕಾಯಿತು. ಖಾಲಾ ಯಾರ ಕಡೆಯೂ ವಾಲಿದವರಲ್ಲ. ಎರಡು ಕೂಸುಗಳ ಹೊಟ್ಟೆ ನೋಡಿಕೊಂಡವರು. ಅವರಿಗೆ ಹೀಗಾಗಬಾರದಿತ್ತು. ನಾನು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ.

ಕುವೈತ್ ಬಿಟ್ಟವರಲ್ಲಿ ತುಂಬಾ ಜನ ಹೋದದ್ದು ಜೋರ್ಡಾನಿಗೇ. ಖಾಲಾಗೆ ಆಗಲೇ ವಯಸ್ಸಾಗಿತ್ತು, ಈಗ ಇರಲಿಕ್ಕಿಲ್ಲ. ಆದರೆ ಆ ಕೂಸು ನಿನ್ನ ವಾರಿಗೆಯದು, ಬೇಕರಿ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗನಿಗೂ ಇನ್ನೂ ಅಂಥ ವಯಸ್ಸೇನಲ್ಲ. ಕುವೈತಿನಿಂದ ಬಂದವರು ಯಾರಾದರೂ ಸಿಕ್ಕರೆ, ಹವಲ್ಲಿಯಲ್ಲಿದ್ದಿರಾ ಅಂತ ಸಂಕೋಚ ಬಿಟ್ಟು ಕೇಳು. ಎದುರು ಮನೆಯ ಇಂಡಿಯಾದವರ ಮಗಳು ಅಂತ ಹೇಳು.

ಇಂತಿ,
ಅಮ್ಮ